ಹದಿನಾಲ್ಕನೆಯ ಸೆಂಟಿಮೀಟರ್

ಉಂಗುರ ತೆಗೆದಿಟ್ಟು ಬಾ, ಎಂದರು ಸುಮಂಗಲಾ ಮೇಡಂ.
ಕೆಸರು ಕೊಯ್ಯುವ ಕೋಣೆಗೆ ಲೋಹ ಬರಬಾರದು.
ಚಾಕು ಕೂಡ ಪ್ಲಾಸ್ಟಿಕ್ಕಿನದು,
ಕೇಕಿನ ಡಬ್ಬಿಯ ಜೊತೆ ಕೊಡುತ್ತಾರಲ್ಲ, ಅಂಥದ್ದು.

ಬೆಳಿಗ್ಗೆ ಕೆಂಚಣ್ಣನ ತೆಪ್ಪದಲ್ಲಿ ಕೂತು
ತುಂಗೆಯ ಮಡುವಿಗೆ ಪೈಪು ಇಳಿಸಿದ್ದೆವು,
ದೊಡ್ಡ ಚರಂಡಿ ಹೊಳೆ ಸೇರುವಲ್ಲಿಂದ
ಒಂದು ಕೂಗಳತೆ ಕೆಳಗೆ.
"ಇಲ್ಲಿ ಮೀನು ಬೀಳ್ತದೆ ಕಣಮ್ಮ,
ನಮ್ಮನೇಗೆ ಮಾತ್ರ ಒಯ್ಯಲ್ಲ" ಅಂದ.
ಮತ್ತೆ ಯಾರ ಮನೆಗೆ ಅಂತ
ನಾನು ಕೇಳಲಿಲ್ಲ.

ಈಗ ಮೇಜಿನ ಮೇಲೆ ಮೊಳದುದ್ದದ ಹೊಳೆ.
ಸೆಂಟಿಮೀಟರಿಗೊಂದು ಬಿಲ್ಲೆ, ಒಂದು ಚೀಲ, ಒಂದು ಚೀಟಿ.
ಎರಡು ಬಿಲ್ಲೆಗೆ ಮೂರು ಮಳೆಗಾಲ, ಹೆಚ್ಚುಕಮ್ಮಿ.
ಮೂರರಲ್ಲಿ ಗುಟ್ಕಾ ಪೊಟ್ಟಣದ ಚೂರು,
ಹನ್ನೊಂದರಲ್ಲಿ ಹೊಳೆಚಿಪ್ಪು, ಮಗುವಿನ ಉಗುರಿನಷ್ಟು ತೆಳು.
ಹದಿನಾಲ್ಕಕ್ಕೆ ಕೈ ನಿಂತಿತು.

ಅಬ್ಬಾ ಕಲಾಯಿ ಬಿಟ್ಟ ವರ್ಷ.

ಅದಕ್ಕೂ ಮುಂಚೆ ತಿದಿ, ಇದ್ದಿಲು, ನವಸಾಗರದ ಬಿಳಿ ಹೊಗೆ.
ಹಿತ್ತಾಳೆ ಹಂಡೆಯೊಳಗೆ ತವರ ಓಡುವುದನ್ನು ನೋಡಲು
ಬೀದಿಯ ಮಕ್ಕಳೆಲ್ಲ ಕುಕ್ಕುರುಗಾಲಲ್ಲಿ.
ಆಮೇಲೆ ಎಲ್ಲರ ಮನೆಗೂ ಸ್ಟೀಲು ಬಂತು.
ಸ್ಟೀಲಿಗೆ ಕಲಾಯಿ ಬೇಡ.

ಗ್ಯಾರೇಜಿನ ಹಿಂದೆ ತಗಡಿನ ಶೆಡ್ಡು, ಕೇಸರಿ ನೀರಿನ ತೊಟ್ಟಿ.
ಬುಲೆಟ್ಟಿನ ಸೈಲೆನ್ಸರು ಮಂಕಾಗಿ ಮುಳುಗಿ
ಕನ್ನಡಿಯಾಗಿ ಏಳುತ್ತಿತ್ತು.
ತೊಳೆದ ನೀರು ಬಾಗಿಲ ಮುಂದಿನ ಚರಂಡಿಗೆ.
ಅದು ಎಲ್ಲಿಗೆ ಹೋಗುತ್ತದೆ?
ನೀರು ಅಂದಮೇಲೆ ಹೋಗುತ್ತದೆ, ಅಷ್ಟೆ.
ಮೊದಲು ಅಬ್ಬಾಗೆ ಅತ್ತರಿನ ವಾಸನೆ ತಿಳಿಯದಾಯಿತು.
ಆಮೇಲೆ ಮೂಗಿನ ನಡುಗೋಡೆಯಲ್ಲೇ ತೂತು.
"ಹೇಗೂ ಚುಚ್ಚಿದೆ, ಬುಲಾಕು ಹಾಕ್ಕೊಳ್ಳಿ" ಎಂದು ಅಮ್ಮಿ ನಕ್ಕಳು,
ನಕ್ಕು ಒಳಗೆ ಹೋದವಳು ಎಷ್ಟೋ ಹೊತ್ತು ಬರಲಿಲ್ಲ.

ನಾಳೆ ಯಂತ್ರ ಹೇಳುತ್ತದೆ:
ಸತು ಇಷ್ಟು, ಸೀಸ ಇಷ್ಟು, ಕ್ರೋಮಿಯಂ ಇಷ್ಟು.
ಅಬ್ಬಾನ ಶೆಡ್ಡಿನದೋ, ಆಚೀಚೆಯ ಮೂರು ಶೆಡ್ಡಿನದೋ,
ಬ್ಯಾಟರಿ ಅಂಗಡಿಯದೋ,
ಮಡು ಬೇರೆಬೇರೆ ಮಾಡಿ ಇಟ್ಟುಕೊಂಡಿಲ್ಲ.

ನನ್ನ ಸೈಕಲ್ಲಿನ ಬೆಲ್ಲು ಮುಳುಗೆದ್ದದ್ದು ಅದೇ ತೊಟ್ಟಿಯಲ್ಲಿ.
ಇನ್ನೂ ತುಕ್ಕು ಹಿಡಿದಿಲ್ಲ.
ಬಿ.ಎಸ್ಸಿ. ಫೀಸೂ ಅದೇ ತೊಟ್ಟಿಯದು.

"ಬದ್ರುನ್ನಿಸಾ, ಯಾಕಮ್ಮ ನಿಂತೆ?"
ಏನಿಲ್ಲ ಮೇಡಂ.
ಚೀಟಿಯಲ್ಲಿ ಬರೆದೆ:
ತುಂಗಾ, ಎಡದಂಡೆ, ೧೩–೧೪ ಸೆಂ.ಮೀ., ಬಣ್ಣ ಬೂದು.

ಹದಿನೈದನೆಯದನ್ನು ಕೊಯ್ಯುವಾಗ
ದೀಪದ ಹತ್ತಿರ ಹಿಡಿದು ಹುಡುಕಿದೆ,
ಎಲ್ಲಾದರೂ ಒಂದು ಎಳೆ ತವರ ಮಿನುಗೀತೆ ಎಂದು.
ಕಣ್ಣಿಗೆ ಕಾಣುವಂಥದ್ದಲ್ಲ, ಗೊತ್ತು.
ಯಂತ್ರಕ್ಕೆ ಕಂಡೀತು.
ಆದರೆ ತವರ
ನಮ್ಮ ಪಟ್ಟಿಯಲ್ಲಿಲ್ಲ.