ಗಾರೆಯೊಳಗಿನ ಚಿಪ್ಪು

ಉಪ್ಪುಗಾಳಿ ತಿಂದ ಹಳೇ ಕೋರ್ಟಿನ ಗೋಡೆ.
ಸಂದು ಕೆದರಿ ಹೊಸ ಗಾರೆ ತುಂಬುವುದು ನನ್ನ ಕೆಲಸ,
ಗಂಟೆಗಿಷ್ಟು ಅಂತ ಕೌನ್ಸಿಲ್ ಕೊಡುವ ಕೂಲಿ.
ಮೂರನೆಯ ದಿನ, ಕಿಟಕಿಯ ಕೆಳಗೆ,
ಉಳಿಯ ತುದಿಗೆ ಟಣ್ ಅಂದಿತು ಏನೋ.
ಕಲ್ಲಲ್ಲ.
ಒಂದು ಪಿಪಿ ಚಿಪ್ಪು, ಇಡಿಯದು.
ಒಂದಂಚು ಮಾತ್ರ ಕಪ್ಪು,
ಬೆಂಕಿ ನೆಕ್ಕಿ, ಯಾಕೋ ಬೇಡವೆಂದು ಬಿಟ್ಟಂತೆ.

ನಮ್ಮಪ್ಪ ಮಾಲ್ಟಾದಿಂದ ಹಡಗಿನಲ್ಲಿ ಬಂದವನು.
ಸುಣ್ಣ ಹೇಗಾಗುತ್ತದೆಂದು ನನಗೆ ಗೊತ್ತು,
ಈ ಸುಣ್ಣ ಎಲ್ಲಿಯದೆಂದು ಗೊತ್ತಿರಲಿಲ್ಲ.
ನೋಲೀನ್ ಆಂಟಿಗೆ ಫೋನು ಮಾಡಿದೆ.

ಬಂದಳು, ಮೊಮ್ಮಗಳು ಟಾರ್ನಿಯ ಹೆಗಲು ಹಿಡಿದು.
ಕನ್ನಡಕ ಒರೆಸಿದಳು. ಚಿಪ್ಪು ಮುಟ್ಟಲಿಲ್ಲ,
ಮೊದಲು ಗೋಡೆ ಮುಟ್ಟಿದಳು,
ಜ್ವರದ ಮಗುವಿನ ಹಣೆ ನೋಡುವ ಹಾಗೆ
ಅಂಗೈ ಮಗುಚಿ.

“ಅಗೋ, ಕಾರು ನಿಲ್ಲಿಸುತ್ತಾರಲ್ಲ, ಅಲ್ಲಿತ್ತು ದಿಬ್ಬ.
ನಾಲ್ಕಾಳೆತ್ತರ. ಬರೀ ಚಿಪ್ಪು, ಮೀನಮುಳ್ಳು, ಬೂದಿ.
ನಮ್ಮವರು ಉಂಡು ಉಂಡು ಬೆಳೆಸಿದ ಗುಡ್ಡ.
ಮುಂದೆ ಬಂದವರು ಮೇಲಿನ ಪದರ ನೋಡುತ್ತಿದ್ದರು:
ಪಿಪಿ ಇದ್ದರೆ, ಪಿಪಿ ತಿಂದಾಗಿದೆ, ಅದು ಮತ್ತೆ ಹೆಚ್ಚಲಿ,
ನೀವು ಬಂಡೆಯ ಕಡೆ ಹೋಗಿ ಬೇರೇನಾದರೂ ತಿನ್ನಿ ಅಂತ.
ಕಾಗದ ಅದು. ಓದಲಿಕ್ಕೆ ಬರಬೇಕಷ್ಟೆ.”

ಓದಲಿಕ್ಕೆ ಬಾರದವನು ಬಂದ.
ಜೊಸೈಯಾ ಪ್ರಾಥೆರೋ, ಎರಡು ಗಾಡಿ, ಆರು ಎತ್ತು.
ಅವನ ಲೆಕ್ಕದ ಪುಸ್ತಕ ಈಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿದೆ,
ದುಂಡನೆ ಅಕ್ಷರ, ಕಾಟು ಹೊಡೆದದ್ದೇ ಇಲ್ಲ:
ಚಿಪ್ಪು, ನಾನೂರ ಹನ್ನೆರಡು ಗಾಡಿ. ಸೌದೆಗೆ ಇಷ್ಟು. ಕೂಲಿಗೆ ಇಷ್ಟು.
ಚಿಪ್ಪಿನ ಬೆಲೆ ಎಂಬಲ್ಲಿ
ಒಂದು ಅಡ್ಡಗೆರೆ.

ಒಂಬತ್ತು ದಿನ ಉರಿಯಿತಂತೆ ಗೂಡು.
ಸಾವಿರ ಸಾವಿರ ವರ್ಷದ ಊಟ,
ಹಲ್ಲು ಬಂದ ಕೂಸಿಗೆ ಯಾರೋ ಬಿಡಿಸಿಕೊಟ್ಟ ಮೊದಲ ತುತ್ತು,
ಯಾರದೋ ಜಗಳ, ಯಾರದೋ ಮದುವೆ,
ಬೆಂದು ಬಿಳಿ ಪುಡಿಯಾಯಿತು.
ನೀರು ಸುರಿದಾಗ ಕೊತಕೊತ ಅರಳಿತು.
ಅದರಿಂದಲೇ ಚರ್ಚು, ಕಸ್ಟಮ್ಸ್ ಕಚೇರಿ, ಮ್ಯಾಜಿಸ್ಟ್ರೇಟನ ಅಡುಗೆಮನೆ.
ಅದರಿಂದಲೇ ಈ ಕೋರ್ಟು.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ,
ಇಲ್ಲಿ ಸುಣ್ಣವೂ ಅವರ ಮನೆಯದೇ.

“ನನ್ನ ಮುತ್ತಜ್ಜನ ಅಪ್ಪನನ್ನು ಇಲ್ಲೇ ನಿಲ್ಲಿಸಿದ್ದರು,” ಅಂದಳು,
“ಒಂದು ಕುರಿಗಾಗಿ. ಏಳು ವರ್ಷ, ದ್ವೀಪದ ಜೈಲು.
ಹೆಸರು ಕೇಳಿದರಂತೆ. ಹೇಳಿದ. ಅವರಿಗೆ ಬರೆಯಲಿಕ್ಕೆ ಬರಲಿಲ್ಲ.
ಟಾಮಿ ಅಂತ ಬರೆದುಕೊಂಡರು.”
ಆಮೇಲೆ ಸುಮ್ಮನಾದಳು.
ಕಟಕಟೆ ಇದ್ದದ್ದು ಈ ಕಿಟಕಿಯ ಒಳಮಗ್ಗುಲಿಗೆ.
ಮನಸ್ಸಿನಲ್ಲೇ ಅಳತೆ ಹಾಕಿದೆ:
ಅವನ ಬೆನ್ನಿಗೂ ಈ ಚಿಪ್ಪಿಗೂ ನಡುವೆ
ಎರಡು ಗೇಣು.

ಇದಕ್ಕೂ ಒಂದು ಗಾಜಿನ ಪೆಟ್ಟಿಗೆ ಮಾಡಿಸುತ್ತಾರೆ ಕೌನ್ಸಿಲಿನವರು, ಅಂದೆ.
ಅವಳು ಚಿಪ್ಪನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಳು.
“ಬಿದ್ದುಹೋಯಿತು ಅನ್ನು.”

ಸಂಜೆ, ಇಳಿತದ ನೀರಿನಲ್ಲಿ, ಅಜ್ಜಿ ಮೊಮ್ಮಗಳು
ಹಿಮ್ಮಡಿ ತಿರುವಿ ತಿರುವಿ ಮರಳಿನಿಂದ ಪಿಪಿ ಎಬ್ಬಿಸುತ್ತಿದ್ದರು.
ನನಗೂ ನಾಲ್ಕು ಕೊಟ್ಟರು, ಸುಡುಸುಡು, ಹಲ್ಲಿಗೆ ಮರಳು.
ತಿಂದ ಚಿಪ್ಪೆಲ್ಲ ಕಾರು ನಿಲ್ಲಿಸುವ ಜಾಗದ ಅಂಚಿಗೊಯ್ದು,
ಹಳೆಯದನ್ನು ಕೆಳಗಿಟ್ಟು, ಮೇಲೆ ಸುರಿದಳು.

“ನಾಳೆ ಗುಡಿಸಿಬಿಡುತ್ತಾರೆ,” ಅಂದಳು ಟಾರ್ನಿ.
“ಭಾನುವಾರ ಮತ್ತೆ ಬಂದರಾಯಿತು.”
“ಯಾರು ಓದುತ್ತಾರೆ ಅಜ್ಜಿ?”
“ಬರಿಗಾಲಲ್ಲಿ ಬಂದವರು.
ಚುಚ್ಚುತ್ತದಲ್ಲ.”