ಷರಾ

ಶಿಂಷೆಯ ಕಟ್ಟೆಯ ಬಳಿ ಒಂದು ಕಲ್ಲುಕಂಬ,
ಬಿಳಿ ಬಣ್ಣದ ಪಟ್ಟಿ, ಕೆಂಪು ಅಂಕಿ,
ಸೊನ್ನೆಯಿಂದ ಐದು ಮೀಟರಿನವರೆಗೆ.
ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ
ಮೆಟ್ಟಿಲಿಳಿದು ನೋಡಿ ಬರೆಯುವುದು ನನ್ನ ಕೆಲಸ.
ನನಗಿಂತ ಮುಂಚೆ ಅಪ್ಪ, ಹಲಗಯ್ಯ.
ಅಕ್ಷರ ಬಾರದವನು, ಅಂಕಿ ಬಲ್ಲವನು.

ಅವನ ರಿಜಿಸ್ಟರು ಪೆಟ್ಟಿಗೆಯಲ್ಲಿದೆ,
ಗೆದ್ದಲು ತಿಂದು ಬಿಟ್ಟಷ್ಟು.
ತಾರೀಖು, ಮಟ್ಟ,
ಕೊನೆಗೊಂದು ಇಕ್ಕಟ್ಟಾದ ಕಲಮು: ಷರಾ.
ಬರೆಯಲು ಬಾರದೆ ಅಲ್ಲಿ ಚಿತ್ರ ಬಿಡಿಸುತ್ತಿದ್ದ.
ಆರಿದ್ರೆಗೆ ಒಂದು ಕೊಡೆ,
ಮಘೆಗೆ ತುಂಬಿದ ಗಡಿಗೆ,
ಸ್ವಾತಿಗೆ ಒಂದು ಚುಕ್ಕಿ, ಅಷ್ಟೇ.
ವರ್ಷ ವರ್ಷವೂ ಕೊಡೆಯ ಹಿಂದೆ ಗಡಿಗೆ, ಗಡಿಗೆಯ ಹಿಂದೆ ಚುಕ್ಕಿ,
ಶಾಲೆಗೆ ಹೊರಟ ಮಕ್ಕಳ ಸಾಲಿನಂತೆ.
ಬರ ಆಗಲೂ ಇತ್ತು, ಸುಳ್ಳು ಹೇಳಬಾರದು.
ಎರಡು ಕಡೆ ಪುಟಗಟ್ಟಲೆ ಬರೀ ಅಡ್ಡಗೆರೆ.
ಆದರೆ ಬರಕ್ಕೂ ಒಂದು ನಡಿಗೆಯಿತ್ತು,
ದೂರದಿಂದಲೇ ಗುರುತು ಸಿಗುತ್ತಿತ್ತು.

ಈಗ ಕೆಂಪಾಜಮ್ಮ ಬಂದು ಕೇಳುತ್ತಾಳೆ,
'ಒಟ್ಲು ಹಾಕ್ಲಾ ಬ್ಯಾಡ್ವಾ? ಹೊಳೆ ನೋಡೋಳು ನೀನು, ಹೇಳವ್ವ.'
ಅಪ್ಪನಾಗಿದ್ದರೆ ಮೂಗಿನ ಹೊಳ್ಳೆ ಅರಳಿಸಿ
ಗಾಳಿಯ ಕಡೆ ಒಂದು ಸಲ ತಿರುಗಿ, ಹೂಂ ಅನ್ನುತ್ತಿದ್ದ.
ನಾನು ಫೋನು ತೋರಿಸುತ್ತೇನೆ.
ಅದರಲ್ಲಿ ದಿನವೂ ಒಂದು ಮೋಡದ ಚಿತ್ರವಿರುತ್ತದೆ.
ಅವಳು ಫೋನನ್ನೂ ನನ್ನನ್ನೂ ನೋಡಿ
ಕುಕ್ಕೆ ಎತ್ತಿಕೊಂಡು ಹೋಗುತ್ತಾಳೆ.

ಆಫೀಸಿನ ಅಂಗಳದಲ್ಲಿ ಆವಿ ಅಳೆಯುವ ತಟ್ಟೆ,
ಕಾಗೆ ಕುಡಿಯದಂತೆ ತಂತಿಬಲೆ.
ಬಿಸಿಲು ಎಷ್ಟು ಕುಡಿಯಿತೆಂದು ಬೆಳಿಗ್ಗೆ ಲೆಕ್ಕ.
ಮೊದಲು ರಾತ್ರಿಯಾದರೆ ಕುಡಿಯುವುದು ನಿಲ್ಲುತ್ತಿತ್ತು.
ಈಗ ಕತ್ತಲಲ್ಲೂ ನಿಲ್ಲಿಸುವುದಿಲ್ಲ,
ಮನೆಯೊಳಗೆ ನಾವೂ ಚಾಪೆ ಮಗುಚುತ್ತ ಮಲಗುತ್ತೇವೆ.

ಹೋದ ವರ್ಷ ಆರಿದ್ರೆಯಲ್ಲಿ ಹುಡುಗರು
ಹೊಳೆಯ ನಡುವೆ ವಿಕೆಟ್ ನೆಟ್ಟು ಆಡಿದರು.
ಬದಿಯಲ್ಲಿ ಹರಿಯುತ್ತಿದ್ದುದು ಗದ್ದೆಯ ಬಸಿನೀರು, ಪೇಟೆಯ ಮೋರಿನೀರು;
ಹೊಳೆಯ ಸ್ವಂತದ್ದು ಬೊಗಸೆಯೂ ಇರಲಿಲ್ಲ.
ಮಘೆ ಬಂತು, ಮಳೆ ಬರಲಿಲ್ಲ.
ಎಲ್ಲ ಮುಗಿಯಿತೆಂದು ಸುಮ್ಮನಾದ ಮೇಲೆ
ಚಿತ್ತೆಯ ಒಂದೇ ರಾತ್ರಿ, ಒಂದೇ ಉಸಿರಿಗೆ.

ಎರಡು ಗಂಟೆಗೆ ಟಾರ್ಚ್ ಹಿಡಿದು ನಿಂತಿದ್ದೆ.
ಮೂರು, ನಾಲ್ಕು, ನಾಲ್ಕೂಮುಕ್ಕಾಲು.
ಆಮೇಲೆ ಪಟ್ಟಿಯೇ ಇಲ್ಲ, ಕಂಬವೇ ಇಲ್ಲ.
ಯಾರದೋ ಚಂದ್ರಿಕೆ ತೇಲಿ ಹೋಯಿತು,
ಅರ್ಧ ಗೂಡು ಕಟ್ಟಿದ ಹುಳುಗಳ ಸಮೇತ.
ಬೆಳಕಿನಲ್ಲಿ ಅವು ಹೊಳೆದವು. ಚೆಂದ ಕಂಡವು,
ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.
ಮೂರನೇ ದಿನಕ್ಕೆ ಮಟ್ಟ ಒಂದು ಮೀಟರು.
ಬಂದದ್ದೆಲ್ಲ ಕಾವೇರಿಗೆ ಬಿದ್ದು ಗಡಿ ದಾಟಿತು,
ಆ ವಾರ ಯಾರೂ ರಸ್ತೆಗೆ ಅಡ್ಡ ಕೂರಲಿಲ್ಲ.

ಇಂಜಿನಿಯರ್ ನೌಷಾದ್ ಬಂದು ಕತ್ತೆತ್ತಿ ನೋಡಿದರು.
'ಪಟ್ಟಿ ಇನ್ನೆರಡು ಮೀಟರ್ ಮೇಲಕ್ಕೆ ಬರೆಸಬೇಕು.'
'ಕೆಳಕ್ಕೆ, ಸಾರ್?'
'ಸೊನ್ನೆಯ ಕೆಳಗೆ ಏನಿದೆಯಮ್ಮ?' ನಕ್ಕರು.
ಬೇಸಿಗೆಯಲ್ಲಿ ನೀರು ಸೊನ್ನೆ ಬಿಟ್ಟು ಇಳಿದಾಗ
ಕಂಬದ ಬುಡ ಕಂಡಿತ್ತು.
ತಳಪಾಯಕ್ಕೆ ಹಾಕಿದ್ದು ಯಾವ ಮನೆಯದೋ ಒಡೆದ ಒರಳು.
ಅದರ ಗುಳಿಯಲ್ಲಿ ಒಂದು ಲೋಟದಷ್ಟು ನೀರು,
ಒಂದು ಮೀನುಮರಿ.
ಅದನ್ನು ಯಾವ ಅಂಕಿಯಲ್ಲಿ ಬರೆಯಲಿ ಅಂದೆ.
ನೌಷಾದ್ ನಗುವುದನ್ನು ಬಿಟ್ಟರು,
ಉತ್ತರ ಮಾತ್ರ ಹೇಳಲಿಲ್ಲ.

ಈಗ ರಿಜಿಸ್ಟರು ಬೇಡ, ಮಟ್ಟವನ್ನು ಆ್ಯಪಿನಲ್ಲಿ ಹಾಕಬೇಕು.
ಅದರಲ್ಲಿ ಷರಾ ಇಲ್ಲ.
ಅಪ್ಪನ ಪುಸ್ತಕದಲ್ಲಿ ಇನ್ನೂ ಹನ್ನೊಂದು ಖಾಲಿ ಹಾಳೆ,
ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.
ಇವತ್ತು ಹುಬ್ಬೆ.
ಹುಬ್ಬೆಗೆ ಅವನು ಏನು ಬಿಡಿಸುತ್ತಿದ್ದನೆಂದು ಹಿಂದಕ್ಕೆ ತಿರುವಿದೆ.
ಆ ಮೂಲೆಯನ್ನೇ ಗೆದ್ದಲು ತಿಂದಿದೆ.