ನಾಲ್ಕನೇ ಪ್ರಶ್ನೆ

ಅಡ್ಮಿಶನ್ ವಿಭಾಗದಲ್ಲಿ ಕೆಲಸ ಸಿಕ್ಕಿತು ಎಂದಾಗ
ಫೋನಿನ ಆ ತುದಿಯಲ್ಲಿ ಕುಂದಾಪುರದ ಅತ್ತೆಗೆ ಗಾಬರಿ:
"ಎಂತ ಆಯ್ತ್ ಹೆಣೆ, ಯಾವ್ ಆಸ್ಪತ್ರೆ?"

ಆಸ್ಪತ್ರೆಯಲ್ಲ ಅತ್ತೆ, ಶಾಲೆ. ದೊಡ್ಡವರ ಶಾಲೆ.
ಹತ್ತಾರು ದೇಶದವರು ಬರುತ್ತಾರೆ, ವ್ಯಾಪಾರ ಕಲಿಸುತ್ತಾರೆ.
"ವ್ಯಾಪಾರ ಕಲ್ಸುದಾ!" ನಕ್ಕಳು,
ಮೂವತ್ತು ವರ್ಷ ಬಂಗುಡೆ ಬುಟ್ಟಿ ಹೊತ್ತವಳು.

ಮಸ್ಕತ್ತಿನ ಅಝೈಬಾದಲ್ಲಿ
ಸಮುದ್ರಕ್ಕೆ ಬೆನ್ನು ಹಾಕಿ ಕೂತ ಕಟ್ಟಡ.
ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಧ್ಯೇಯವಾಕ್ಯ:
ಗಡಿಗಳಿಲ್ಲದ ಜಗತ್ತಿಗೆ ಹೊಣೆಯರಿತ ನಾಯಕರು.
ಅರಬ್ಬಿ ಬಲದಿಂದ ಹೊರಟು, ಇಂಗ್ಲಿಷು ಎಡದಿಂದ ಹೊರಟು
ನಡುವೆ ಒಂದು ಗೇಣು ಖಾಲಿ ಬಿಟ್ಟು ನಿಂತಿವೆ.
ಆ ಗೇಣನ್ನು ದಿನಾ ಒರೆಸುವವನ ರೆಸಿಡೆನ್ಸ್ ಕಾರ್ಡು
ಮುಂದಿನ ತಿಂಗಳು ಮುಗಿಯುತ್ತದೆ.

ತೀರ್ಪು ಕೊಡುವುದು ನನ್ನ ಕೆಲಸವಲ್ಲ.
ಠಸ್ಸೆ ನೋಡುವುದು.
ಪಾಸ್‌ಪೋರ್ಟಿನ ಹೆಸರೂ ಅಂಕಪಟ್ಟಿಯ ಹೆಸರೂ
ಒಬ್ಬನೇ ಮನುಷ್ಯನದೋ ನೋಡುವುದು:
ಒಂದರಲ್ಲಿ ಅಪ್ಪ ಮುಂದೆ, ಇನ್ನೊಂದರಲ್ಲಿ ಹಿಂದೆ,
ಮತ್ತೊಂದರಲ್ಲಿ ಅಪ್ಪನೇ ಇಲ್ಲ, ಊರಿದೆ.
ಕ್ಲಿಪ್ಪು ಹಾಕಿ ಮೇಲಿನ ಮಹಡಿಗೆ ಕಳಿಸುವುದು.
ಪ್ರಬಂಧ ಓದಬೇಕೆಂದಿಲ್ಲ.
ಓದುತ್ತೇನೆ.

ನಾಲ್ಕನೇ ಪ್ರಶ್ನೆ: ನೀವು ಮುಂದೆ ನಿಂತು ನಡೆಸಿದ
ಒಂದು ಸಂದರ್ಭ ವಿವರಿಸಿ, ಐನೂರು ಪದ ಮೀರದಂತೆ.
ಎಲ್ಲರೂ ಮುಂದೆ ನಿಂತಿದ್ದಾರೆ. ಬಿರುಗಾಳಿಯಲ್ಲಿ, ಬಜೆಟ್ಟಿನಲ್ಲಿ,
ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ,
ತಮ್ಮ ನೆರಳಿಗಿಂತ ಎರಡು ಹೆಜ್ಜೆ ಮುಂದೆ.
ಇಷ್ಟೊಂದು ಜನ ಮುಂದಿದ್ದರೆ
ಹಿಂದೆ ಯಾರಿದ್ದರೋ.

ಲಯನಲ್ ವೀರಕ್ಕೊಡಿ, ಮೂವತ್ತಾರು, ಊರು ನೆಗೊಂಬೊ,
ಬರ್ಕಾದ ಕೋಲ್ಡ್ ಸ್ಟೋರೇಜಿನಲ್ಲಿ ಸ್ಟೋರ್ ಕೀಪರ್. ಬರೆದದ್ದಿಷ್ಟು:

"ಜೂನ್. ರಾತ್ರಿ ಎರಡಕ್ಕೆ ಕಂಪ್ರೆಸರ್ ನಿಂತಿತು.
ಒಳಗೆ ಹತ್ತೊಂಬತ್ತು ಟನ್ ಮೀನು. ಮ್ಯಾನೇಜರ್ ಫೋನ್ ಎತ್ತಲಿಲ್ಲ.
ಏನು ಮಾಡಬೇಕೋ ನನಗೆ ಗೊತ್ತಿರಲಿಲ್ಲ.
ಐಸ್ ಲಾರಿಯ ಮುರಾದನನ್ನು ಕೇಳಿದೆ.
ಬಾಗಿಲು ತೆಗೆಯಬೇಡ, ಬರುತ್ತೇನೆ ಅಂದ.
ಅವನು ಹೇಳಿದಂತೆ ಏಳು ಮಂದಿ ಮಾಡಿದೆವು.
ಬೆಳಿಗ್ಗೆ ಪ್ರತಿ ಪೆಟ್ಟಿಗೆಯಿಂದ ಒಂದು ಮೀನು ತೆಗೆದು
ಕಿವಿರು ಎತ್ತಿ ನೋಡಿದೆ. ನಲವತ್ತರಲ್ಲಿ ಕಂದಿತ್ತು.
ಕಂದಿದೆ ಎಂದೇ ರಿಜಿಸ್ಟರಿನಲ್ಲಿ ಬರೆದೆ.
ಸಂಬಳದಲ್ಲಿ ಹಿಡಿದರು.
ಇದು ನೀವು ಕೇಳಿದ್ದೋ ಅಲ್ಲವೋ ತಿಳಿಯದು.
ಮುರಾದನ ನಂಬರ್ ಕೆಳಗಿದೆ, ಅವನನ್ನೂ ಕೇಳಿ."

ಅಂಚಿನಲ್ಲಿ ಯಾರದೋ ಹಸಿರು ಪೆನ್ನು:
ನಾಯಕತ್ವ, ಐದಕ್ಕೆ ಎರಡು.

ಅತ್ತೆಯ ಹೆಬ್ಬೆರಳು ನೆನಪಾಯಿತು.
ಗಿರಾಕಿ ಕೇಳುವ ಮೊದಲೇ ಕಿವಿರು ಎತ್ತಿ ತೋರಿಸುತ್ತಿದ್ದಳು,
ಕೆಂಪಿದ್ದರೂ ಸರಿ, ಇಲ್ಲದಿದ್ದರೂ ಸರಿ.
"ನಿನ್ನೆದ್ದ್ ಇದ್, ಬೇಕಾರೆ ತಕೋ."
ಕೆಲವರು ಎದ್ದು ಹೋಗುತ್ತಿದ್ದರು.
ಮರುದಿನ ತಿರುಗಿ ಬರುತ್ತಿದ್ದರು,
ಜೊತೆಗೆ ಪಕ್ಕದ ಮನೆಯವಳನ್ನೂ ಕರಕೊಂಡು.

ಹೇಗೋ, ಸಂದರ್ಶನಕ್ಕೆ ಕರೆದರು.
ಆ 'ಹೇಗೋ' ಒಳಗೆ ನಾನೆಷ್ಟು ಎಂದು ಇಲ್ಲಿ ಬರೆಯುವುದಿಲ್ಲ.
ಅಡಿಯಲ್ಲಿದ್ದ ಫೈಲು ಮೇಲೆ ಬರಲು
ಕೆಲವೊಮ್ಮೆ ಎಸಿಯ ಗಾಳಿಯೂ ಸಾಕು.

ಇಸ್ತ್ರಿಯ ಗೆರೆ ಮುರಿಯದ ಅಂಗಿ,
ಬೆರಳುಗಳಲ್ಲಿ ಐಸು ಕೊಯ್ದ ಹಳೆಯ ಗುರುತು.
ಮೇಜಿನ ಆಚೆ ಮೂವರು.
ನೀರಿನ ಬಾಟಲಿ ಇಡಲು ಹೋದ ನಾನು ಬಾಗಿಲಲ್ಲಿ.

ಹತ್ತು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ?

ಅವನು ನಿಜವಾಗಿಯೂ ಯೋಚಿಸಿದ.
"ವೀಸಾ ಎರಡು ವರ್ಷದ್ದು, ಸಾರ್."

ಒಬ್ಬರು ನಕ್ಕರು. ಒಬ್ಬರು ಬರೆದುಕೊಂಡರು.
ಅಷ್ಟು ಹೊತ್ತೂ ಸುಮ್ಮನಿದ್ದ ಡಾಕ್ಟರ್ ಶಮ್ಸಾ
ಪೆನ್ನಿನ ಮುಚ್ಚಳ ಹಾಕಿದರು. ಹಸಿರು ಪೆನ್ನು.
"ಆ ನಲವತ್ತು ಪೆಟ್ಟಿಗೆ," ಕೇಳಿದರು, "ಆಮೇಲೆ?"

ಉತ್ತರ ನನಗೆ ಕೇಳಿಸಲಿಲ್ಲ.
ನಮ್ಮಲ್ಲಿ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ.

ಫಲಿತಾಂಶ ಗುರುವಾರ.
ಅತ್ತೆಗೆ ಇವತ್ತು ಫೋನು ಮಾಡಬೇಕು.
ಮೊದಲ ದಿನದ ಗಾಬರಿಯನ್ನು ತಮಾಷೆ ಮಾಡಿಕೊಂಡು
ಪ್ರತಿ ಸಲ ಅದನ್ನೇ ಕೇಳುತ್ತಾಳೆ:
"ಅಡ್ಮಿಟ್ ಆಯಿ ಆರ್ ವರ್ಷ ಆಯ್ತ್,
ಡಿಸ್ಚಾರ್ಜ್ ಯಾವತ್ತ್ ಹೆಣೆ?"